ತಗಡಿಲ್ಲದ ಜಾಗ

"ಎಲ್ಲರೂ ಒಂದ್ಸಲ ಮೇಲೆ ನೋಡ್ರೋ," ಎಂದರು ಗಣಿತದ ಮೇಷ್ಟ್ರು.

ಎಂಬತ್ತು ತಲೆಗಳು ಒಟ್ಟಿಗೆ ಮೇಲೆದ್ದವು. ಮೇಲೆ ಇದ್ದವನು ನಾನು. ಏಣಿಯ ಎಂಟನೇ ಮೆಟ್ಟಿಲ ಮೇಲೆ, ತಗಡಿನ ಗಾಳಿಕೊಳವೆಯನ್ನು ಒಂದು ಕೈಯಲ್ಲಿ ಚಾವಣಿಗೆ ಒತ್ತಿ ಹಿಡಿದು, ಬಾಯಲ್ಲಿ ನಾಲ್ಕು ಸ್ಕ್ರೂ ಕಚ್ಚಿಕೊಂಡು ನಿಂತಿದ್ದೆ.

"ಕೊನೇ ಪ್ರಶ್ನೆ ಕಷ್ಟ, ಬಿಟ್ಬಿಡ್ತೀವಿ ಸಾರ್ ಅಂತೀರಲ್ಲ, ಹಾಗೆ ಬಿಡ್ತಾ ಬಿಡ್ತಾ ಹೋದೋರು ಕೊನೆಗೆ ಎಲ್ಲಿರ್ತಾರೆ ಗೊತ್ತಾ? ಅಲ್ಲಿರ್ತಾರೆ. ತಪ್ಪು ತಿಳ್ಕೋಬೇಡಿ, ಅವನೂ ಜೀವನದಲ್ಲಿ ಮೇಲಕ್ಕೇ ಹೋಗಿದಾನೆ. ಏಣಿ ಹಾಕ್ಕೊಂಡು."

ಹಾಲ್ ಹೋ ಎಂದು ನಕ್ಕಿತು. ಹಿಂದಿನ ಬೆಂಚಿನವನೊಬ್ಬ ಡೆಸ್ಕು ಕುಟ್ಟಿದ. ಬಾಯಿ ತೆರೆದರೆ ಸ್ಕ್ರೂ ಉದುರುತ್ತವೆ, ಕೈ ಬಿಟ್ಟರೆ ಕೊಳವೆ ಯಾರದೋ ತಲೆಯ ಮೇಲೆ ಬೀಳುತ್ತದೆ. ಮೇಷ್ಟ್ರ ತಲೆಯ ಮೇಲೆ ಬೀಳುವ ಹಾಗಿದ್ದರೆ ಬಿಟ್ಟೇ ಬಿಡುತ್ತಿದ್ದೆ, ಆದರೆ ಅವರು ಬೋರ್ಡಿನ ಹತ್ತಿರ ಇದ್ದರು.

ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ನನ್ನ ತಂಗಿ ಕೂತಿದ್ದಳು. ಮನೆಯಲ್ಲಿ ಅವಳನ್ನು ಮೆಣಸು ಅನ್ನುತ್ತೇವೆ. ಗಾತ್ರ ಅಷ್ಟೇ, ಖಾರವೂ ಅಷ್ಟೇ. ಅವಳು ನಗಲಿಲ್ಲ. ಮೇಲೆ ನೋಡಲೂ ಇಲ್ಲ. ತಲೆ ಬಗ್ಗಿಸಿ ನೋಟ್‌ಬುಕ್ಕಿನಲ್ಲಿ ಏನೋ ಬರೆಯುತ್ತಿದ್ದಳು. ಬರೆದುಕೊಳ್ಳುವಂಥದ್ದನ್ನು ಮೇಷ್ಟ್ರು ಇನ್ನೂ ಏನೂ ಹೇಳಿರಲಿಲ್ಲ.

ಆ ನಗುವಿಗಿಂತ ಆ ಬಗ್ಗಿದ ತಲೆ ನನ್ನನ್ನು ಹೆಚ್ಚು ಸುಟ್ಟಿತು.

ಆ ಹಾಲಿನಲ್ಲಿದ್ದವರೆಲ್ಲ ಕಾಲೇಜಿನ ಪ್ರವೇಶ ಪರೀಕ್ಷೆಗೆ ತಯಾರಾಗುವವರು. ಪರೀಕ್ಷೆಗೆ ಎರಡು ಪತ್ರಿಕೆ. ಮೊದಲನೆಯದನ್ನು ಎಲ್ಲರೂ ಬರೆಯುತ್ತಾರೆ. ಎರಡನೆಯದು ಗಣಿತದ ದೊಡ್ಡ ಕಾಲೇಜಿಗೆ ಹೋಗಬೇಕೆನ್ನುವವರಿಗೆ ಮಾತ್ರ: ಮೂರು ಗಂಟೆ, ಒಂಬತ್ತೇ ಪ್ರಶ್ನೆ. ಒಂಬತ್ತನೆಯ ಪ್ರಶ್ನೆಯ ಬಗ್ಗೆ ಆ ಹುಡುಗರು ದೆವ್ವದ ಬಗ್ಗೆ ಮಾತಾಡುವ ಹಾಗೆ ದನಿ ಇಳಿಸಿ ಮಾತಾಡುತ್ತಾರೆ. ಎರಡನೇ ಪತ್ರಿಕೆಯ ಅರ್ಜಿಗೆ ಮೇಷ್ಟ್ರ ಸಹಿ ಬೇಕು. ಮೆಣಸು ಎರಡು ಸಲ ಕೇಳಿದ್ದಳು. ಎರಡು ಸಲವೂ ಮೇಷ್ಟ್ರು, "ಮೊದಲನೇದನ್ನ ನೆಟ್ಟಗೆ ಬರಿಯಮ್ಮಾ, ಸಾಕು. ಎರಡನೇದು ನಿನ್ನಂಥವರಿಗಲ್ಲ, ಮುಖ ಒಡೆಯುತ್ತೆ," ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದ್ದರು.

ಅವತ್ತು ಮೇಷ್ಟ್ರು ನನ್ನನ್ನು ಬಿಟ್ಟು ಬೋರ್ಡಿನ ಕಡೆ ತಿರುಗಿ, ಯಾವುದೋ ಹಳೆಯ ಪತ್ರಿಕೆಯ ಒಂಬತ್ತನೇ ಪ್ರಶ್ನೆ ಬರೆದರು.

"ಅರ್ಜಿಗೆ ಶನಿವಾರ ಕೊನೇ ದಿನ. ಶನಿವಾರ ಬೆಳಿಗ್ಗೆ ಇಲ್ಲಿ ನಿಂತು ಇದನ್ನ ಬಿಡಿಸಿದವರಿಗೆ ಸಹಿ. ಯಾರನ್ನ ಬೇಕಾದ್ರೂ ಕೇಳಿ. ನಿಮ್ಮಪ್ಪ, ಚಿಕ್ಕಪ್ಪ, ಕಂಪ್ಯೂಟರು, ಪಕ್ಕದ ಮನೆ ಅಜ್ಜಿ. ಆದ್ರೆ ಬೋರ್ಡ್ ಮುಂದೆ ಒಬ್ಬರೇ. ನಾನು ಕೆದಕಿದ್ದಕ್ಕೆಲ್ಲ ಉತ್ತರ ಇರಬೇಕು."

ನಾನು ಓದಬಾರದು ಅಂದುಕೊಂಡೆ. ಆದರೂ ಕಣ್ಣು ಓದಿತು. ಒಂದು ಶಂಕು ಇದೆ. ಅದರ ತುದಿಯಿಂದ ಬುಡದ ಅಂಚಿಗೆ ಓರೆಯಾಗಿ ಅಳೆದರೆ ಮೂವತ್ತು ಸೆಂಟಿಮೀಟರ್. ಬುಡದ ಅಂಚಿನ ಮೇಲೆ ಒಂದು ಇರುವೆ. ಅದು ಶಂಕುವಿನ ಮೈಮೇಲೆಯೇ ನಡೆದು, ತುದಿಯಿಂದ ಅಂಚಿಗೆ ಎಳೆಯಬಹುದಾದ ಪ್ರತಿಯೊಂದು ಗೆರೆಯನ್ನೂ ಮುಟ್ಟಿ, ಹೊರಟ ಜಾಗಕ್ಕೇ ವಾಪಸು ಬರಬೇಕು. ಅತಿ ಹತ್ತಿರದ ದಾರಿ ಎಷ್ಟು ಉದ್ದ? ಮೊದಲನೇ ಭಾಗ: ಬುಡದ ತ್ರಿಜ್ಯ ಹತ್ತು. ಎರಡನೇ ಭಾಗ: ತ್ರಿಜ್ಯ ಇಪ್ಪತ್ತು.

ಥೂ, ಇದು ಬೋರಲು ಹಾಕಿದ ಆಲಿಕೆ, ಅಂದುಕೊಂಡೆ. ದಿನಕ್ಕೆ ಆರು ಮಾಡುತ್ತೇನೆ.

ಮರುದಿನ ಬೆಳಿಗ್ಗೆ ಮನೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ಅಮ್ಮ ಆಸ್ಪತ್ರೆಯ ಲಾಂಡ್ರಿಗೆ ಹೊರಟವಳು ಬಾಗಿಲಲ್ಲಿ ನಿಂತು ನಮ್ಮಿಬ್ಬರ ಮುಖ ನೋಡಿದಳು.

"ಏನ್ರೋ, ಇಬ್ಬರೂ ಬಾಯಿಗೆ ಬೀಗ ಜಡಿದಿದೀರಾ? ಕೀಲಿ ಯಾರ ಹತ್ರ ಇದೆ?"

"ಇವಳ ಹತ್ರ," ಎಂದೆ. "ನಿನ್ನೆ ಎಂಬತ್ತು ಜನ ನನ್ನ ನೋಡಿ ಹಲ್ಲು ಕಿಸಿದ್ರು. ಇವಳು ನನ್ನ ಮುಖಾನೇ ನೋಡಿಲ್ಲದವಳ ಥರ ಕೂತಿದ್ಳು."

"ಎದ್ದು ನಿಂತು ನಮ್ಮಣ್ಣ ಅಂದಿದ್ರೆ ಏನಾಗ್ತಿತ್ತು?" ಎಂದಳು ಮೆಣಸು. "ಇನ್ನೂ ಜೋರಾಗಿ ನಗ್ತಿದ್ರು."

"ಯಾರನ್ನ ನೋಡಿ?"

ಅವಳು ಬೂಟಿನ ದಾರ ಕಟ್ಟುತ್ತಿದ್ದಳು. ಕಟ್ಟಿ ಮುಗಿದ ಮೇಲೂ ಎಳೆಯುತ್ತಲೇ ಇದ್ದಳು. "ನನ್ನ ನೋಡಿ," ಎಂದಳು. "ನಂಗೆ ಆ ಸಹಿ ಬೇಕು ಅಣ್ಣ. ಶನಿವಾರದ ತನಕ ಬಾಯಿ ಬಿಡಲ್ಲ. ಆಮೇಲೆ ಬೇಕಾದ್ರೆ ಎರಡು ಬಾರಿಸು."

ಅಮ್ಮ ನಿಟ್ಟುಸಿರು ಬಿಟ್ಟು, "ಒಬ್ಬನಿಗೆ ಮೂಗಿನ ತುದೀಲಿ ಕೋಪ, ಇನ್ನೊಬ್ಬಳಿಗೆ ಕೋಪ ಎಲ್ಲಿದೆ ಅಂತ್ಲೇ ಗೊತ್ತಾಗಲ್ಲ," ಎಂದು ಹೋದಳು. ನಾನು ಬಾಗಿಲು ದಡಾರನೆ ಹಾಕಿಕೊಂಡು ಕೆಲಸಕ್ಕೆ ಹೋದೆ. ಊಟದ ಡಬ್ಬಿ ಮರೆತೆ.

ನನ್ನ ಓದಿನ ಕತೆ ಇಲ್ಲೇ ಹೇಳಿಬಿಡುತ್ತೇನೆ, ಉದ್ದವೇನಿಲ್ಲ. ಎಂಟನೇ ಕ್ಲಾಸಿನಲ್ಲಿ, ಮೈನಸ್ಸನ್ನು ಮೈನಸ್ಸಿನಿಂದ ಗುಣಿಸಿದರೆ ಪ್ಲಸ್ ಎಂದರು. ಯಾಕೆ ಎಂದು ಕೇಳಿದೆ. ರೂಲು ಎಂದರು. ರೂಲು ಯಾಕೆ ಎಂದು ಕೇಳಿದೆ. ಹೊರಗೆ ನಿಲ್ಲು ಎಂದರು. ಹೊರಗೆ ನಿಂತೆ. ಅರ್ಧ ಗಂಟೆ ನಿಂತಿದ್ದವನು ಗೇಟಿನ ಕಡೆ ನಡೆದೆ, ಮತ್ತೆ ಒಳಗೆ ಹೋಗಲಿಲ್ಲ. ಅಪ್ಪ ತೀರಿಹೋಗಿ ಆಗಲೇ ವರ್ಷವಾಗಿತ್ತು, ಕತ್ತು ಹಿಡಿದು ವಾಪಸು ನೂಕುವವರು ಯಾರೂ ಇರಲಿಲ್ಲ. ಆಮೇಲೆ ತಗಡಿನ ಕಾರ್ಖಾನೆ. ಈಗ ಒಂಬತ್ತು ವರ್ಷ.

ಮಧ್ಯಾಹ್ನ ಮೆಣಸು ಡಬ್ಬಿ ಹಿಡಿದುಕೊಂಡು ಕಾರ್ಖಾನೆಗೇ ಬಂದಳು. ಡಬ್ಬಿಯ ಮೇಲೆ ನೋಟ್‌ಬುಕ್ಕು. ನಮ್ಮ ಮೇಸ್ತ್ರಿಗೆ ಮೂವತ್ತು ವರ್ಷ ಸುತ್ತಿಗೆಯ ಸದ್ದು ಕೇಳಿ ಕೇಳಿ ಕಿವಿ ಮಂದ. ಪಕ್ಕದಲ್ಲಿದ್ದವರ ಹತ್ತಿರವೂ ರಸ್ತೆಯಾಚೆಗೆ ಕೂಗಿದ ಹಾಗೆ ಮಾತಾಡುತ್ತಾರೆ.

"ಬಾಮ್ಮಾ ಪ್ರೊಫೆಸರಮ್ಮಾ! ನಿಮ್ಮಣ್ಣ ಬೆಳಿಗ್ಗೆಯಿಂದ ತಗಡನ್ನ ಹೊಡೀತಿಲ್ಲ, ಯಾರನ್ನೋ ಹೊಡೀತಿದಾನೆ!"

ಅವಳು ಡಬ್ಬಿಯನ್ನು ಬೆಂಚಿನ ಮೇಲಿಟ್ಟು, ನೋಟ್‌ಬುಕ್ಕು ತೆರೆದಳು. ಕ್ಷಮೆ ಕೇಳುತ್ತಾಳೆ ಅಂದುಕೊಂಡಿದ್ದೆ. "ಶಂಕುವನ್ನ ಒಂದು ಕಡೆ ಸೀಳಿ ಬಿಡಿಸಿ ಹಾಸಿದ್ರೆ ಬೀಸಣಿಗೆ ಥರ ಆಗುತ್ತೆ ಅಲ್ವಾ?" ಎಂದಳು.

"ನಾವು ಬೀಸಣಿಗೆ ಥರ ಕತ್ತರಿಸೇ ಅದನ್ನ ಮಾಡೋದು. ನೀನು ಹಿಂದು ಮುಂದಾಗಿ ಕೇಳ್ತಿದೀಯ."

"ಹಾಸಿದ ಮೇಲೆ ಇರುವೆ ಈ ಅಂಚಿಂದ ಆ ಅಂಚಿಗೆ ನೆಟ್ಟಗೆ ನಡೆದ್ರೆ ಅದೇ ಹತ್ತಿರದ ದಾರಿ. ಮತ್ತೆ ಸುತ್ತಿದಾಗ ಎರಡೂ ಅಂಚು ಒಂದೇ. ತ್ರಿಜ್ಯ ಹತ್ತಕ್ಕೆ ಮೂವತ್ತು ರೂಟ್ ಮೂರು ಬಂತು. ಅಂದ್ರೆ ಐವತ್ತೆರಡಕ್ಕೆ ಕೂದಲೆಳೆ ಕಡಿಮೆ. ಆದ್ರೆ ಇಪ್ಪತ್ತಕ್ಕೂ ಅದೇ ಬರ್ತಿದೆ! ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ದಾರಿ. ಎಷ್ಟು ಚೆಂದ ಅಲ್ವಾ? ಅದಕ್ಕೇ ಇದು ಒಂಬತ್ತನೇ ಪ್ರಶ್ನೆ ಅನ್ಸುತ್ತೆ." ಚೆಂದ ಎನ್ನುವಾಗ ಅವಳ ಹುಬ್ಬು ಗಂಟಾಗಿತ್ತು. ಪೂರ್ತಿ ನಂಬಿಕೆ ಇದ್ದಿದ್ದರೆ ಅಷ್ಟು ದೂರ ನಡೆದು ಬರುತ್ತಿರಲಿಲ್ಲ.

ನನಗೆ ಕೋಪ ಇಳಿದಿರಲಿಲ್ಲ. ಕೋಪ ಬಂದಾಗ ನನ್ನ ಕೈ ಚುರುಕಾಗುತ್ತದೆ. ಮೂಲೆಯಿಂದ ತೆಳು ತಗಡು ಎಳೆದೆ, ಕೈವಾರ ಮೂವತ್ತಕ್ಕೆ ಹಿಡಿದು ಒಂದು ಚಕ್ರ ಗೀಚಿದೆ, ಕತ್ತರಿಸಿ ತೆಗೆದೆ. ಹತ್ತರ ಬುಡಕ್ಕೆ ಈ ಚಕ್ರದಲ್ಲಿ ಮೂರನೇ ಒಂದು ಪಾಲು ಸಾಕು, ಇಪ್ಪತ್ತರ ಬುಡಕ್ಕೆ ಮೂರನೇ ಎರಡು. ಇದನ್ನು ಯಾವ ಮೇಷ್ಟ್ರೂ ನನಗೆ ಹೇಳಿಕೊಟ್ಟಿಲ್ಲ, ಕೈ ತಾನೇ ಕಲಿತದ್ದು. ಕತ್ತರಿ ಕರಕರ ಎಂದಿತು, ಒಂದು ಪಾಲು ಬೇರೆಯಾಯಿತು.

"ಅಳಿ," ಎಂದೆ.

ಅವಳು ಬೆಂಚಿನ ಮೇಲಿದ್ದ ದಾರವನ್ನು ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಬಿಗಿಯಾಗಿ ಹಿಡಿದಳು, ಅಳತೆಪಟ್ಟಿಯ ಮೇಲಿಟ್ಟಳು. ಐವತ್ತೆರಡೂವರೆ. ಮತ್ತೆ ಅಳೆದಳು. ಐವತ್ತೆರಡೂವರೆ.

"ಹತ್ತಿರ ಇದೆಯಲ್ಲ, ಬಿಡು," ಎಂದೆ. "ಅರ್ಧ ಸೆಂಟಿಮೀಟರು ಯಾವ ಲೆಕ್ಕ?"

"ಹತ್ತಿರ ಅಂದ್ರೆ ತಪ್ಪು ಅಂತ ಅಣ್ಣ!" ಅವಳ ದನಿ ಒಡೆಯಿತು. "ಇದರಲ್ಲಿ ಹತ್ತಿರ ಅನ್ನೋದೇ ಇಲ್ಲ. ಮೊದಲನೇ ಭಾಗಾನೇ ತಪ್ಪಾದ್ರೆ ನಾನು ಹಿಡಿದ ದಾರೀನೇ ತಪ್ಪು. ಮೇಷ್ಟ್ರು ಹೇಳಿದ್ದೇ ಸರಿ." ನೋಟ್‌ಬುಕ್ಕಿನ ಹಾಳೆಯನ್ನು ಹಿಡಿದು ಹರಿಯಲು ಶುರು ಮಾಡಿದಳು.

ನಾನು ಅವಳ ಕೈ ಹಿಡಿದುಕೊಂಡೆ. ತಪ್ಪು ನನಗೆ ಕಂಡಿತ್ತು. ಅದು ಅವಳದಲ್ಲ, ನನ್ನ ಕೈಯದು. ತಗಡನ್ನು ಸುತ್ತಿ ಜೋಡಿಸಬೇಕಾದರೆ ಒಂದು ಅಂಚು ಇನ್ನೊಂದರ ಮೇಲೆ ಕೂರಬೇಕು, ಮಡಚಿ ಬಡಿಯಲು ಒಂದು ಬೆರಳು ಜಾಗ ಬೇಕು. ಅದನ್ನು ನಾವು ಮಡಿಕೆ ಅನ್ನುತ್ತೇವೆ. ಒಂಬತ್ತು ವರ್ಷದಲ್ಲಿ ಮಡಿಕೆ ಬಿಡದೆ ನಾನು ಒಂದು ತುಂಡೂ ಕತ್ತರಿಸಿಲ್ಲ. ಗೆರೆ ಎಲ್ಲಿ ಎಳೆದರೂ ಕತ್ತರಿ ಒಂದು ಬೆರಳು ಆಚೆಯೇ ಹೋಗುತ್ತದೆ, ಕೇಳದೆಯೇ.

"ಮೆಣಸೀ, ನಾನು ಮಡಿಕೆ ಬಿಟ್ಟಿದೀನಿ ಕಣೇ."

ಅವಳಿಗೆ ಅರ್ಥವಾಗಲಿಲ್ಲ. ತೋರಿಸಿದೆ. ಆ ಬೆರಳಗಲದ ಪಟ್ಟಿಯನ್ನು ಕತ್ತರಿಸಿ ತೆಗೆದೆ. ಅವಳು ದಾರ ಹಿಡಿದಳು. ಐವತ್ತೆರಡಕ್ಕೆ ಕೂದಲೆಳೆ ಕಡಿಮೆ.

"ನಿಮ್ಮ ಲೆಕ್ಕದಲ್ಲಿ ಮಡಿಕೆಗೆ ಎಷ್ಟು ಬಿಡ್ತೀರಿ?" ಎಂದು ಕೇಳಿದೆ.

"ಏನೂ ಬಿಡಲ್ಲ. ಈ ಅಂಚು, ಆ ಅಂಚು ಬೇರೆ ಬೇರೆ ಅಲ್ಲ. ಎರಡೂ ಒಂದೇ ಗೆರೆ."

ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಎರಡು ಅಂಚು, ಆದರೆ ಒಂದೇ ಗೆರೆ. ಒಂದರ ಮೇಲೊಂದು ಕೂರುವುದಿಲ್ಲ, ನಡುವೆ ಬಿರುಕೂ ಇಲ್ಲ, ರಿವೆಟ್ಟಿಲ್ಲ, ಬೆಸುಗೆಯಿಲ್ಲ. ಅಂಥ ಜೋಡಣೆ ಈ ಕಾರ್ಖಾನೆಯಲ್ಲಿ ಒಂದೂ ಇಲ್ಲ, ಯಾವ ಕಾರ್ಖಾನೆಯಲ್ಲೂ ಇರಲಾರದು. ಅದು ಇರುವುದು ನನ್ನ ತಂಗಿಯ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿ. ನಾನು ದಿನಕ್ಕೆ ಆರು ಸಲ ಮಾಡುವ ಕೆಲಸವನ್ನು ಯಾರೋ, ಯಾವ ಕಾಲದಲ್ಲೋ, ತಗಡೇ ಇಲ್ಲದೆ ಮಾಡಿ ನೋಡಿದ್ದಾರೆ ಅನಿಸಿತು. ಗುಡಿಯೊಳಗೆ ಹೋದವನ ಹಾಗೆ ದನಿ ತಾನಾಗಿ ತಗ್ಗಿತು.

"ಈಗ ದೊಡ್ಡದು ನೋಡೋಣ," ಎಂದೆ.

ಮೂರನೇ ಒಂದು ಪಾಲನ್ನು ಮತ್ತೆ ಅದರ ಜಾಗದಲ್ಲಿಟ್ಟೆ, ಕತ್ತರಿಸಿದ ಪಟ್ಟಿಯನ್ನೂ ಉಳಿದದ್ದರ ಪಕ್ಕಕ್ಕೆ ಸೇರಿಸಿಟ್ಟೆ. ಚಕ್ರ ಪೂರ್ತಿಯಾಯಿತು. ಆಮೇಲೆ ಆ ಒಂದು ಪಾಲನ್ನು ಎತ್ತಿ ತೆಗೆದೆ. ಬೆಂಚಿನ ಮೇಲೆ ಉಳಿದದ್ದು ಇಪ್ಪತ್ತರ ಬುಡದ ಆಲಿಕೆ, ಬಿಡಿಸಿ ಹಾಸಿದ್ದು. ಬಾಯಿ ತೆರೆದುಕೊಂಡು ಮಲಗಿದ ಹಾಗಿತ್ತು.

ಅವಳು ದಾರ ತೆಗೆದುಕೊಂಡು ಒಂದು ಅಂಚಿನ ಮೂಲೆಯಿಂದ ಇನ್ನೊಂದು ಅಂಚಿನ ಮೂಲೆಗೆ ಹಿಡಿದಳು. "ನೋಡು, ಅದೇ ಅಳತೆ. ಐವತ್ತೆರಡಕ್ಕೆ ಕೂದಲೆಳೆ ಕಡಿಮೆ."

"ಹೂಂ. ಅಳತೆ ಸರಿ ಇದೆ. ಆದ್ರೆ ನಿನ್ನ ಇರುವೆ ಎಲ್ಲಿ ನಡೀತಿದೆ?"

"ದಾರದ ಮೇಲೆ."

"ದಾರದ ಕೆಳಗೆ ಏನಿದೆ?"

ಅವಳು ನೋಡಿದಳು. ಕೆಳಗೆ ಬೆಂಚಿನ ಮರ ಕಾಣುತ್ತಿತ್ತು.

"ಅಲ್ಲಿ ತಗಡೇ ಇಲ್ಲ ಕಣೇ," ಎಂದೆ. "ಅಲ್ಲಿದ್ದ ತಗಡು ನನ್ನ ಕೈಯಲ್ಲಿದೆ. ನೀನು ಅಳೆದಿದ್ದು ಚಿಕ್ಕ ಆಲಿಕೇನೇ, ಎರಡನೇ ಸಲ. ನಿನ್ನ ಇರುವೆ ಗಾಳೀಲಿ ನಡೀತಿದೆ."

ಅವಳು ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಬಹಳ ಹೊತ್ತು ಆ ಖಾಲಿ ಜಾಗವನ್ನೇ ನೋಡಿದಳು. ದೂರದಲ್ಲಿ ಮೇಸ್ತ್ರಿ, "ಏನ್ರೋ ಅದು, ಯಾರಾದ್ರೂ ಸತ್ತೋದ್ರಾ?" ಎಂದು ಕೂಗಿದರು.

"ಹಂಗಾದ್ರೆ ಸೂತ್ರ ಸುಳ್ಳಾ?" ಎಂದಳು ಕೊನೆಗೆ, ತನಗೆ ತಾನೇ. "ಸುಳ್ಳಲ್ಲ. ಅದಕ್ಕೆ ತಗಡು ಎಲ್ಲಿ ಮುಗೀತು ಅಂತ ಗೊತ್ತಿಲ್ಲ. ಅಣ್ಣ, ದಾರ ತಗಡು ಬಿಟ್ಟು ಆಚೆ ಹೋಗದಂಗೆ ಬಿಗಿ ಮಾಡು."

ಚಕ್ರದ ನಡುವೆ, ಎರಡು ಅಂಚು ಕೂಡುವಲ್ಲಿ, ಒಂದು ಮೊಳೆ ಹೊಡೆದೆ. ಅದೇ ಶಂಕುವಿನ ತುದಿ. ದಾರವನ್ನು ತಗಡಿನ ಮೇಲೆ ಸುತ್ತು ಹಾಕಿ ಎಳೆದೆ. ಅದು ಸರಿಯುತ್ತಾ ಸರಿಯುತ್ತಾ ಬಂದು ಮೊಳೆಗೆ ಸಿಕ್ಕಿ ನಿಂತಿತು. ಅಂಚಿನಿಂದ ತುದಿಗೆ ಮೂವತ್ತು, ತುದಿಯಿಂದ ಅಂಚಿಗೆ ಮೂವತ್ತು.

"ಅರವತ್ತು," ಎಂದು ಇಬ್ಬರೂ ಒಟ್ಟಿಗೆ ಹೇಳಿದೆವು.

ಅಲ್ಲಿಂದ ಮುಂದೆ ನನ್ನ ಕೈಗೆ ಎಟುಕಲಿಲ್ಲ. ಅವಳು ಬೆಂಚಿನ ಮೇಲೆ ಬಗ್ಗಿ, ನನ್ನ ಗೀಚುಕಡ್ಡಿಯಿಂದ ತಗಡಿನ ಮೇಲೆಯೇ ಬರೆಯತೊಡಗಿದಳು. ಬುಡ ಹನ್ನೊಂದಾದರೆ, ಹನ್ನೆರಡಾದರೆ, ಹದಿನಾಲ್ಕಾದರೆ. ದಾರಿ ಉದ್ದವಾಗುತ್ತಾ ಹೋಗುತ್ತದೆ. ಹದಿನೈದಕ್ಕೆ ತಗಡು ಸರಿಯಾಗಿ ಅರ್ಧ ಚಕ್ರ, ನೆಟ್ಟಗಿನ ದಾರಿ ತುದಿಯನ್ನೇ ಮುಟ್ಟುತ್ತದೆ, ಅರವತ್ತು. ಆಮೇಲೆ ಬುಡ ಎಷ್ಟು ಹಿಗ್ಗಿದರೂ ಅರವತ್ತೇ. "ಅಲ್ಲಿ ನಿಂತುಬಿಡುತ್ತೆ ಅಣ್ಣ," ಎಂದಳು, ಕಣ್ಣು ಒದ್ದೆಯಾಗಿತ್ತು. "ಬೆಳೀತಾ ಬೆಳೀತಾ ಬಂದು ಅಲ್ಲಿ ನಿಂತುಬಿಡುತ್ತೆ." ಸಾವಿರ ಆಲಿಕೆ ಮಾಡಿದ್ದೇನೆ, ಅರ್ಧ ಚಕ್ರಕ್ಕಿಂತ ಕಡಿಮೆಯವು, ಜಾಸ್ತಿಯವು. ನಡುವೆ ಅಂಥದೊಂದು ಗಡಿ ಇದೆಯೆಂದು ನನಗೆ ಗೊತ್ತೇ ಇರಲಿಲ್ಲ. ಅದು ಅಲ್ಲೇ ಇತ್ತು, ಪ್ರತಿ ದಿನ, ನನ್ನ ಕತ್ತರಿಯ ಕೆಳಗೆ.

ಅನ್ನ ಡಬ್ಬಿಯಲ್ಲಿ ಆರಿ ತಣ್ಣಗಾಗಿತ್ತು. ಇಬ್ಬರೂ ಹಂಚಿಕೊಂಡು ತಿಂದೆವು. ಅವಳು ಕ್ಷಮೆ ಕೇಳಲಿಲ್ಲ, ನಾನೂ ಜ್ಞಾಪಿಸಲಿಲ್ಲ.

ಶನಿವಾರ ಬೆಳಿಗ್ಗೆ ಆ ಹಾಲಿನಲ್ಲಿ ನನಗೆ ಕೊಳವೆಗಳ ಬಾಯಿಗೆ ಜಾಲರಿ ಕೂರಿಸುವ ಕೆಲಸ ಬಾಕಿ ಇತ್ತು. ಬೇರೆಯವರನ್ನು ಕಳಿಸಿ ಎನ್ನಬಹುದಿತ್ತು. ಅನ್ನಲಿಲ್ಲ. ಏಣಿ ಹತ್ತಿ, ಹಿಂದಿನ ಮೂಲೆಯಲ್ಲಿ ಸದ್ದಿಲ್ಲದೆ ಸ್ಕ್ರೂ ತಿರುಗಿಸುತ್ತಿದ್ದೆ.

ಮೂವರು ಹುಡುಗರು ಒಬ್ಬರಾದ ಮೇಲೊಬ್ಬರು ಬೋರ್ಡಿಗೆ ಹೋದರು. ಮೂವರದೂ ಒಂದೇ ಉತ್ತರ: ಎರಡು ಭಾಗಕ್ಕೂ ಮೂವತ್ತು ರೂಟ್ ಮೂರು. ಮೇಷ್ಟ್ರು ಸರಿ ಅನ್ನಲಿಲ್ಲ, ತಪ್ಪೂ ಅನ್ನಲಿಲ್ಲ. "ಇದನ್ನ ಒಪ್ಪೋರು ಕೈ ಎತ್ತಿ," ಎಂದರು. ಕೈಗಳ ಕಾಡೇ ಎದ್ದಿತು. ಮೂರನೇ ಸಾಲಿನಲ್ಲಿ, ಕಿಟಕಿಯ ಪಕ್ಕ, ಒಂದು ಕೈ ಏಳಲಿಲ್ಲ.

"ನೀನು ಬಾಮ್ಮಾ," ಎಂದರು.

ಮೆಣಸು ಹೋಗಿ ಒಂದು ಚಕ್ರ ಬರೆದಳು. ಮೂರನೇ ಒಂದು ಪಾಲನ್ನು ಡಸ್ಟರಿನಿಂದ ಒರೆಸಿದಳು. ಆ ಒರೆಸಿದ ಜಾಗದ ಮೇಲೆ ಅಂಚಿನಿಂದ ಅಂಚಿಗೆ ಒಂದು ಗೆರೆ ಎಳೆದು, "ಎಲ್ಲರೂ ಇದನ್ನ ಅಳೆದಿದಾರೆ ಸಾರ್. ಇಲ್ಲಿ ತಗಡಿಲ್ಲ," ಎಂದಳು.

"ತಗಡಾ?" ಎಂದ ಯಾವನೋ. ಹಾಲ್ ಕಿಸಕ್ಕೆಂದಿತು. ಮೇಷ್ಟ್ರು ನಗಲಿಲ್ಲ. ಕುರ್ಚಿಯಿಂದ ಎದ್ದರು.

"ಹಾಗಾದ್ರೆ ಎಷ್ಟು?"

"ಅರವತ್ತು. ತುದಿಗೆ ಹೋಗಿ ಇಳೀಬೇಕು. ಎಲ್ಲ ಗೆರೆಗಳೂ ತುದೀಲಿ ಸೇರ್ತವೆ, ಅದನ್ನ ಮುಟ್ಟಿದ್ರೆ ಎಲ್ಲಾನೂ ಮುಟ್ಟಿದಂಗೆ."

"ತ್ರಿಜ್ಯ ಇಪ್ಪತ್ತೊಂಬತ್ತು ಮಾಡಿದ್ರೆ?"

"ಅರವತ್ತೇ ಸಾರ್."

"ಹದಿನಾಲ್ಕು?"

"ಅರವತ್ತಕ್ಕಿಂತ ಒಂದು ಚೂರು ಕಮ್ಮಿ."

"ಹದಿನೈದು?"

"ಅದೇ ಸಾರ್ ಗಡಿ," ಎಂದಳು. ಯಾಕೆ ಎಂದು ಅವರು ಕೇಳುವ ಮೊದಲೇ ಅರ್ಧ ಚಕ್ರ ಬರೆದು ತೋರಿಸಿದಳು. ಸೀಮೆಸುಣ್ಣದ ಗೆರೆ ತುದಿಯನ್ನು ಮುಟ್ಟಿ ಆಚೆ ದಾಟಿದಾಗ ಎಂಬತ್ತು ಜನರ ಉಸಿರು ಒಟ್ಟಿಗೆ ನಿಂತದ್ದು ನನಗೆ ಮೇಲಿನಿಂದ ಕೇಳಿಸಿತು. ಡೆಸ್ಕು ಕುಟ್ಟಿದವನೂ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ. ಅವನ ಮೇಲಿನ ಸಿಟ್ಟೂ ಆ ಒಂದು ಗಳಿಗೆ ನನಗೆ ಮರೆತುಹೋಯಿತು.

ಮೇಷ್ಟ್ರು ಬೋರ್ಡಿನ ಹತ್ತಿರ ಬಂದು ಆ ಗೆರೆಯ ಮೇಲೆ ಬೆರಳಿಟ್ಟರು. "ನಾನು ಪರೀಕ್ಷೆ ಬರೆದ ವರ್ಷದ ಪ್ರಶ್ನೆ ಇದು," ಎಂದರು ಮೆಲ್ಲಗೆ. "ನಾನೂ ಮೂವತ್ತು ರೂಟ್ ಮೂರೇ ಬರೆದು ಬಂದಿದ್ದೆ." ಆಮೇಲೆ ಕೈ ಚಾಚಿ, "ಅರ್ಜಿ ಕೊಡು," ಎಂದರು. ಪೆನ್ನು ತೆಗೆದು, ಮುಚ್ಚಳ ಬಿಚ್ಚಿ, ಸಹಿಯ ಜಾಗದ ಮೇಲೆ ಹಿಡಿದು, ತಲೆಯೆತ್ತಿದರು. "ಇದು ನಿನ್ನೊಬ್ಬಳ ತಲೆಯಲ್ಲ. ಯಾರು ಹೇಳಿಕೊಟ್ಟಿದ್ದು?"

ಪೆನ್ನು ಇನ್ನೂ ಕಾಗದವನ್ನು ಮುಟ್ಟಿರಲಿಲ್ಲ. ಯಾರದಾದರೂ ಹೆಸರು ಹೇಳು, ಪಕ್ಕದ ಮನೆ ಅಜ್ಜಿ ಅನ್ನು ಮಾರಾಯ್ತಿ ಎಂದು ನಾನು ಮೇಲಿನಿಂದ ಮನಸ್ಸಿನಲ್ಲೇ ಬೇಡಿಕೊಂಡೆ. ಮೂರು ಸೆಕೆಂಡು ತಡೆದುಕೊಂಡರೆ ಸಹಿ ಬಿದ್ದಿರುತ್ತಿತ್ತು.

"ನಮ್ಮಣ್ಣ," ಎಂದಳು ಮೆಣಸು.

"ಎಲ್ಲಿ ಓದ್ತಿದಾನೆ?"

ಅವಳು ಸೀಮೆಸುಣ್ಣ ಹಿಡಿದ ಕೈಯನ್ನು ಎತ್ತಿ ಹಿಂದಿನ ಮೂಲೆಗೆ ತೋರಿಸಿದಳು. "ಓದ್ತಿಲ್ಲ ಸಾರ್. ಅಲ್ಲಿದಾನೆ. ಏಣಿ ಮೇಲೆ."

ಎಂಬತ್ತು ತಲೆಗಳು ಎರಡನೇ ಸಲ ಮೇಲೆದ್ದವು. ಈ ಸಲ ಯಾರೂ ನಗಲಿಲ್ಲ. ಮೇಷ್ಟ್ರು ನನ್ನನ್ನು ನೋಡಿದರು, ಅರ್ಜಿಯನ್ನು ನೋಡಿದರು. ಪೆನ್ನು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಸಹಿ ಹಾಕಿದರು. ಪೆನ್ನು ಕಾಗದದ ಮೇಲೆ ಉಜ್ಜಿದ ಸದ್ದು ಆ ಮೂಲೆಯ ತನಕ ಕೇಳಿಸಿತು.

ನಾನು ಕೊನೆಯ ಸ್ಕ್ರೂ ಬಿಗಿ ಮಾಡಿ, ಇಳಿದು, ಏಣಿ ಮಡಚಿದೆ.

"ನೋಡ್ರೋ!" ಎಂದರು ಮೇಷ್ಟ್ರು, ದನಿ ಮತ್ತೆ ಮೊದಲಿನ ಹಾಗಾಗಿತ್ತು. "ಒಬ್ಬ ತಗಡು ಕುಟ್ಟೋನಿಗೆ ತಿಳಿದಿದ್ದು ನಿಮಗ್ಯಾರಿಗೂ ತಿಳೀಲಿಲ್ಲ! ನಾಚಿಕೆ ಆಗಬೇಕು ನಿಮಗೆ!" ಬೈದದ್ದು ಅವರನ್ನು, ಹಿಡಿದ ಕೋಲು ಮಾತ್ರ ಮತ್ತೆ ನಾನೇ. ಆಮೇಲೆ ನನ್ನ ಕಡೆ ತಿರುಗಿ, "ಬಾರಯ್ಯಾ ಇಲ್ಲಿ. ಎಷ್ಟನೇ ಕ್ಲಾಸಿಗೆ ಬಿಟ್ಟೆ? ಇಷ್ಟು ತಲೆ ಇಟ್ಕೊಂಡು ಯಾಕೆ ಬಿಟ್ಟೆ?" ಎಂದರು.

ಆ ಇಡೀ ವಾರ ನಾನು ಅವರಿಗೆ ಕೊಡಲೆಂದು ಮಾತು ಮಸೆದು ಇಟ್ಟುಕೊಂಡಿದ್ದೆ. ಒಂದಕ್ಕಿಂತ ಒಂದು ಹರಿತ. ಈಗ ಬಾಯಲ್ಲಿ ಸ್ಕ್ರೂ ಇರಲಿಲ್ಲ. ಆದರೆ ನನ್ನ ಕಣ್ಣು ಅವರನ್ನು ದಾಟಿ ಬೋರ್ಡಿಗೆ ಹೋಗಿತ್ತು. ಅಲ್ಲಿ ಒರೆಸಿದ ಜಾಗದಲ್ಲಿ ಸೀಮೆಸುಣ್ಣದ ಬಿಳಿ ಹೊಗೆಯ ಹಾಗೆ ಉಳಿದಿತ್ತು, ಅದರ ಪಕ್ಕದಲ್ಲೇ ಅರ್ಧ ಚಕ್ರ, ಅದರ ತುದಿಯನ್ನು ಮುಟ್ಟಿಕೊಂಡು ಹೋದ ಆ ನೆಟ್ಟಗಿನ ಗೆರೆ. ಮೆಣಸು ಅರ್ಜಿಯನ್ನು ಎದೆಗೆ ಒತ್ತಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಏಯ್, ನಿನ್ನನ್ನೇ ಕೇಳಿದ್ದು," ಎಂದರು ಮೇಷ್ಟ್ರು.

ಏಣಿಯನ್ನು ಹೆಗಲಿಗೇರಿಸಿದೆ. ಬಾಗಿಲು ಕಿರಿದು, ಓರೆ ಮಾಡಿಕೊಂಡು ದಾಟಬೇಕಾಯಿತು. ದಾಟಿ ಮೆಟ್ಟಿಲಿಳಿದು ನಡೆದೆ.